ಮಾಗಡಿ ರಸ್ತೆ ದಾಟಿದ ಮೇಲಿನ ಸುರಂಗ: ಮುಚ್ಚಿದ ಜಾಗ, ಜನಜಂಗುಳಿಯ ಭಯದ ಒಂದು ಪ್ರಕರಣ ಅಧ್ಯಯನ

ಭಯವಿದ್ದರೂ ಧೈರ್ಯ ಮಾಡಿ ಮೆಟ್ರೊ ಹತ್ತುತ್ತಾರೆ, ಮದುವೆ ಮನೆಗೆ ಹೋಗುತ್ತಾರೆ, ದೇವಸ್ಥಾನದ ಸಾಲಿನಲ್ಲೂ ನಿಲ್ಲುತ್ತಾರೆ. ಆದರೂ ಭಯ ಒಂದಿಷ್ಟೂ ಇಳಿಯುವುದಿಲ್ಲ. ಅಗೊರಾಫೋಬಿಯಾ (ಏನಾದರೂ ಆದರೆ ಹೊರಗೆ ಬರಲಾಗದು, ಸಹಾಯ ಸಿಗದು ಅನಿಸುವ ಜಾಗಗಳ ಭಯ) ಇರುವವರು ಚಿಕಿತ್ಸೆಗೆ ಬಂದಾಗ ಹೇಳುವ ಮಾತುಗಳಲ್ಲಿ ತುಂಬಾ ನೋವಿನ ಮಾತು ಇದು. ಪ್ರಯತ್ನ ಸಾಲದೆ ಹೀಗಾಗುವುದು ಅಪರೂಪ. ಪ್ರಯತ್ನದ ಜೊತೆಯಲ್ಲೇ ಸಾಗುವ ಸಣ್ಣಪುಟ್ಟ ಆಸರೆಗಳು ಅದರ ಫಲವನ್ನು ತಿಂದುಹಾಕಿರುತ್ತವೆ. ಕೆಳಗಿನದು ಯಾರೋ ಒಬ್ಬರ ಕಡತವಲ್ಲ. ಈ ತೊಂದರೆಯಲ್ಲಿ ಮತ್ತೆ ಮತ್ತೆ ಕಾಣುವ ವಿವರಗಳನ್ನು ಒಂದೇ ಪ್ರಕರಣವಾಗಿ ಜೋಡಿಸಿದ್ದೇವೆ.

ಶುರುವಾದ ಬಗೆ

36 ವರ್ಷದ ಮಹಿಳೆ, ಬೆಂಗಳೂರಿನ ವಿಜಯನಗರದಲ್ಲಿ ಮನೆ. ವಿಧಾನಸೌಧದ ಹತ್ತಿರದ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಗಂಡ, ಅತ್ತೆ, ಏಳು ವರ್ಷದ ಮಗಳು ಇರುವ ಸಂಸಾರ. ಮೆಟ್ರೊದ ನೇರಳೆ ಮಾರ್ಗದಲ್ಲಿ ವಿಜಯನಗರದಿಂದ ಹೊರಟರೆ ಹೊಸಹಳ್ಳಿ, ಮಾಗಡಿ ರಸ್ತೆಯವರೆಗೆ ರೈಲು ಕಂಬಗಳ ಮೇಲೆ ಓಡುತ್ತದೆ. ಆಮೇಲೆ ನೆಲದೊಳಗೆ ಇಳಿದು ಸಿಟಿ ರೈಲು ನಿಲ್ದಾಣ, ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು, ವಿಧಾನಸೌಧ ಎಲ್ಲವೂ ಸುರಂಗದಲ್ಲೇ. ವರ್ಷಗಟ್ಟಲೆ ಈ ದಾರಿಯಲ್ಲಿ ನಿಶ್ಚಿಂತೆಯಿಂದ ಓಡಾಡಿದವರು ಈಕೆ.

ಮಗಳ ಜ್ವರದಿಂದ ಎರಡು ರಾತ್ರಿ ನಿದ್ದೆಗೆಟ್ಟು, ತಿಂಡಿ ತಿನ್ನದೆ ಎರಡು ಲೋಟ ಫಿಲ್ಟರ್ ಕಾಫಿ ಕುಡಿದು ಹೊರಟ ಬೆಳಿಗ್ಗೆ, ಮಾಗಡಿ ರಸ್ತೆ ದಾಟಿದ ಮೇಲೆ ರೈಲು ಸುರಂಗದಲ್ಲಿ ಸ್ವಲ್ಪ ಹೊತ್ತು ನಿಂತಿತು. ಬೋಗಿ ತುಂಬಾ ಜನ. ಎದೆ ಢವಢವ ಹೊಡೆದುಕೊಂಡಿತು, ತುಟಿ ಬೆರಳು ಜೋಮು ಹಿಡಿದವು, ಗಾಳಿ ಸಾಲದು ಅನಿಸಿತು, ಸುತ್ತಲಿದ್ದದ್ದೆಲ್ಲ ಕನಸಿನಲ್ಲಿ ಕಂಡಂತೆ ದೂರವಾಯಿತು. ‘ನಾನೀಗ ಬಿದ್ದುಹೋಗ್ತೀನಿ, ಬಾಗಿಲು ತೆಗೆಯೋರು ಯಾರೂ ಇಲ್ಲ’ ಎಂಬುದೊಂದೇ ಯೋಚನೆ. ಮುಂದಿನ ನಿಲ್ದಾಣದಲ್ಲಿ ಇಳಿದು ಗಂಡನಿಗೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ಇಸಿಜಿ, ರಕ್ತಪರೀಕ್ಷೆ ಎಲ್ಲ ಸರಿಯಿತ್ತು. ‘ಗ್ಯಾಸ್ಟ್ರಿಕ್, ಸ್ವಲ್ಪ ಟೆನ್ಷನ್’ ಎಂದು ಮಾತ್ರೆ ಕೊಟ್ಟು ಕಳಿಸಿದರು. ಅದು ಪ್ಯಾನಿಕ್ ಅಟ್ಯಾಕ್ ಎಂದು ಆ ದಿನವೇ ಯಾರಾದರೂ ಹೆಸರಿಟ್ಟು ಹೇಳಿದ್ದರೆ ಮುಂದಿನ ಎಷ್ಟೋ ತಿಂಗಳು ಉಳಿಯುತ್ತಿತ್ತು.

ಮೂರು ವಾರದ ನಂತರ ಕಚೇರಿಯ ಲಿಫ್ಟಿನಲ್ಲಿ ಎರಡನೆಯದು. ಅಲ್ಲಿಂದ ಒಂದೊಂದಾಗಿ ಬಾಗಿಲು ಮುಚ್ಚಿದವು. ಮೆಟ್ರೊ ಬಿಟ್ಟರು, ಗಂಡ ಸ್ಕೂಟರಿನಲ್ಲಿ ಬಿಟ್ಟುಬರತೊಡಗಿದರು. ಆರನೇ ಮಹಡಿಗೆ ಮೆಟ್ಟಿಲು. ಕಲ್ಯಾಣ ಮಂಟಪಕ್ಕೆ ಹೋದರೂ ಮುಹೂರ್ತದ ಹೊತ್ತಿಗೆ ಚಪ್ಪಲಿ ಬಿಡುವ ಜಾಗದ ಹತ್ತಿರ ಕುರ್ಚಿ. ದೇವಸ್ಥಾನದಲ್ಲಿ ಎರಡೂ ಕಡೆ ಸ್ಟೀಲ್ ಕಂಬಿ ಕಟ್ಟಿದ ಸಾಲು ಕಂಡರೆ ಹೊರಗಿನಿಂದಲೇ ಕೈ ಮುಗಿಯುವುದು. ಚಿಕಿತ್ಸೆಗೆ ಬರುವ ಹೊತ್ತಿಗೆ ಎಂಟು ತಿಂಗಳಾಗಿತ್ತು.

ಹೆಸರಿಡುವ ಮುಂಚೆ ನೋಡಬೇಕಾದ್ದು

ಮಾನಸಿಕ ತೊಂದರೆಗಳನ್ನು ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಐದು ಬಗೆಯ ಸನ್ನಿವೇಶಗಳಲ್ಲಿ ಎರಡಕ್ಕಾದರೂ ಭಯವಿರಬೇಕು: ಸಾರ್ವಜನಿಕ ವಾಹನ, ಬಯಲು ಜಾಗ, ಮುಚ್ಚಿದ ಜಾಗ, ಸಾಲು ಅಥವಾ ಗುಂಪು, ಮನೆಯಿಂದ ಒಬ್ಬರೇ ಹೊರಗೆ ಹೋಗುವುದು. ಇದು ಆರು ತಿಂಗಳಾದರೂ ಇರಬೇಕು. ಈಕೆಗೆ ಮೂರು ಇದ್ದವು. ಪಟ್ಟಿಗಿಂತ ಒಂದು ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ: ‘ಅಲ್ಲಿ ಏನಾಗಿಬಿಡುತ್ತೆ ಅಂತ ನಿಮಗೆ ಭಯ?’ ಉಸಿರುಕಟ್ಟುತ್ತದೆ ಎಂದಷ್ಟೇ ಹೇಳಿ, ಬಯಲು, ಬಸ್ಸು, ಸಾಲು ಯಾವುದಕ್ಕೂ ತೊಂದರೆ ಇಲ್ಲ ಎಂದರೆ ಕ್ಲಾಸ್ಟ್ರೋಫೋಬಿಯಾದ (ಮುಚ್ಚಿದ ಜಾಗದ ಭಯ) ಕಡೆ ಯೋಚಿಸಬೇಕು. ಜನ ನನ್ನನ್ನೇ ನೋಡುತ್ತಾರೆ, ಆಡಿಕೊಳ್ಳುತ್ತಾರೆ ಎಂದರೆ ಸಾಮಾಜಿಕ ಆತಂಕ. ಏನಾದರೂ ಆದರೆ ಹೊರಗೆ ಬರಲಾಗದು, ಸಹಾಯ ಸಿಗದು ಎಂದರೆ ಅಗೊರಾಫೋಬಿಯಾ. ಈಕೆ ಮೊದಲ ಭೇಟಿಯಲ್ಲೇ ಹೇಳಿದ್ದು ಮೂರನೆಯದನ್ನು.

ದೇಹದ ಪರೀಕ್ಷೆ ಬಿಡುವಂತಿಲ್ಲ. ಥೈರಾಯ್ಡ್ (ಟಿಎಸ್‌ಹೆಚ್), ಹಿಮೋಗ್ಲೋಬಿನ್, ಸಕ್ಕರೆ, ಇಸಿಜಿ, ಮಲಗಿದಾಗ ಮತ್ತು ನಿಂತಾಗಿನ ರಕ್ತದೊತ್ತಡ ನೋಡಿಸಲಾಯಿತು. ಹಿಮೋಗ್ಲೋಬಿನ್ ಮಾತ್ರ ಕಡಿಮೆ, 10.4 ಇತ್ತು. ರಕ್ತಹೀನತೆ ಇದ್ದರೆ ಮೆಟ್ಟಿಲು ಹತ್ತಿದಾಗ ಎದೆ ಬೇಗ ಹೊಡೆದುಕೊಳ್ಳುತ್ತದೆ, ಆ ಹೊಡೆತವೇ ಗಾಬರಿಯ ಕಿಡಿಯಾಗಬಹುದು. ಹಾಗಾಗಿ ಕಬ್ಬಿಣದ ಮಾತ್ರೆ ಶುರುವಾಯಿತು. ಆದರೆ ಭಯದ ಕಾರಣ ಅದೇ ಎಂದು ತೀರ್ಮಾನಿಸಲಿಲ್ಲ. ಶ್ರಮಪಟ್ಟಾಗ ಎದೆನೋವು ಬರುವವರು, ನಿಜವಾಗಿ ಪ್ರಜ್ಞೆ ತಪ್ಪಿ ಬಿದ್ದವರು, ಮಧ್ಯವಯಸ್ಸು ದಾಟಿದ ಮೇಲೆ ಮೊದಲ ಸಲ ಇಂಥ ಲಕ್ಷಣ ಕಂಡವರು ಮೊದಲು ವೈದ್ಯರ ಹತ್ತಿರ ಹೋಗಬೇಕು, ಮನಶ್ಶಾಸ್ತ್ರಜ್ಞರ ಸರದಿ ಆಮೇಲೆ.

ಪ್ಯಾನಿಕ್ ತೀವ್ರತೆ ಅಳೆಯುವ ಪಿಡಿಎಸ್‌ಎಸ್ ಮಾಪಕದಲ್ಲಿ 28ಕ್ಕೆ 16 ಬಂದಿತ್ತು. ಖಿನ್ನತೆಯ ಪಿಹೆಚ್‌ಕ್ಯೂ-9ರಲ್ಲಿ 27ಕ್ಕೆ 8. ಆತ್ಮಹತ್ಯೆಯ ಯೋಚನೆ ಇರಲಿಲ್ಲ. ಅದನ್ನು ನೇರವಾಗಿ ಕೇಳಿಯೇ ತಿಳಿಯಬೇಕು.

ಕೈಚೀಲದಲ್ಲಿ ಇದ್ದದ್ದು

ಎರಡನೇ ಭೇಟಿಯಲ್ಲಿ ಕೈಚೀಲ ಬಿಚ್ಚಿ ಮೇಜಿನ ಮೇಲೆ ಇಡಲು ಕೇಳಿಕೊಳ್ಳಲಾಯಿತು. ಅರ್ಧ ಲೀಟರಿನ ನೀರಿನ ಬಾಟಲಿ. ವಾಸನೆ ನೋಡಲು ಒಂದು ನಿಂಬೆಹಣ್ಣು. ಗಾಬರಿ ತಗ್ಗಿಸುವ ಕ್ಲೊನಾಜೆಪಾಮ್ 0.25 ಮಿಲಿಗ್ರಾಂನ ಪಟ್ಟಿ, ಅದರಲ್ಲಿ ಎರಡು ಮಾತ್ರೆ, ಅವಧಿ ಮುಗಿದು ಎರಡು ತಿಂಗಳಾಗಿತ್ತು, ಒಂದನ್ನೂ ನುಂಗಿರಲಿಲ್ಲ. ಅತ್ತೆ ಕೊಟ್ಟ ವಿಭೂತಿ ಪೊಟ್ಟಣ. ಮಣಿಕಟ್ಟಿನಲ್ಲಿ ನಾಡಿ ತೋರಿಸುವ ಸ್ಮಾರ್ಟ್ ವಾಚ್, ದಿನಕ್ಕೆ ಮೂವತ್ತು ನಲವತ್ತು ಸಲ ನೋಡುತ್ತಿದ್ದರಂತೆ. ಇವಲ್ಲದೆ ಕಣ್ಣಿಗೆ ಕಾಣದವೂ ಇದ್ದವು: ಬಾಗಿಲ ಪಕ್ಕವೇ ನಿಲ್ಲುವುದು, ಕಂಬಿ ಬಿಗಿಯಾಗಿ ಹಿಡಿಯುವುದು, ಹೊರಡುವ ಮುಂಚೆ ಗಂಡ ಎಲ್ಲಿದ್ದಾರೆ ಎಂದು ಕೇಳಿಕೊಳ್ಳುವುದು.

ಇವು ಒಂದೊಂದೂ ನಿರಪಾಯ. ಮೆದುಳು ಕಟ್ಟುವ ಲೆಕ್ಕದಲ್ಲಿ ಮಾತ್ರ ಅಪಾಯ ಇದೆ. ಪಯಣ ಮುಗಿದು ಏನೂ ಆಗದೆ ಇಳಿದಾಗ ‘ಮೆಟ್ರೊದಲ್ಲಿ ಏನೂ ಆಗುವುದಿಲ್ಲ’ ಎಂದು ಮನಸ್ಸು ಕಲಿಯಬೇಕಿತ್ತು. ‘ಬಾಟಲಿ ಇದ್ದದ್ದಕ್ಕೆ ಬಚಾವಾದೆ’ ಎಂದು ಕಲಿಯಿತು. ಮೊದಲ ಎಂಟು ತಿಂಗಳಲ್ಲಿ ಎರಡು ತಿಂಗಳು ಈಕೆ ತಾವೇ ಅಭ್ಯಾಸ ಮಾಡಿದ್ದರು: ಭಾನುವಾರ ಮಧ್ಯಾಹ್ನ, ಗಂಡನ ಜೊತೆ, ವಿಜಯನಗರದಿಂದ ಮಾಗಡಿ ರಸ್ತೆಯವರೆಗೆ. ಸುರಂಗ ಶುರುವಾಗುವ ಮುಂಚೆಯೇ ಇಳಿಯುವುದು. ಗಾಬರಿ ಏರಿದರೆ ಹೊಸಹಳ್ಳಿಯಲ್ಲೇ ಇಳಿಯುವುದು. ಖಾಲಿ ರೈಲು, ಜೊತೆಗೆ ಗಂಡ, ಬೇಗ ಹೊರಗೆ ಬರುವ ದಾರಿ. ಭಯಕ್ಕೆ ಸಂಬಂಧಪಟ್ಟ ಯಾವುದನ್ನೂ ಇದು ಪರೀಕ್ಷಿಸಿರಲಿಲ್ಲ. ಗಾಬರಿ ತುತ್ತತುದಿಗೆ ಏರಿದಾಗ ಇಳಿದರೆ ಸಿಗುವ ನಿರಾಳವು ಮುಂದಿನ ಸಲ ಇನ್ನೂ ಬೇಗ ಇಳಿಯಲು ಕಲಿಸುತ್ತದೆ.

ದೇಹದೊಳಗೆ ಆಗುವುದು

ಗಾಬರಿಯಾದಾಗ ಅಡ್ರಿನಲಿನ್ ಹರಿದು ಎದೆಬಡಿತ ಏರುತ್ತದೆ, ಉಸಿರು ಬೇಗಬೇಗ ಆಡುತ್ತದೆ. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಅದರಿಂದ ಮೆದುಳಿನ ರಕ್ತನಾಳಗಳು ತುಸು ಕುಗ್ಗಿ ತಲೆ ಹಗುರಾಗುತ್ತದೆ, ಬೆರಳು ತುಟಿ ಜೋಮು ಹಿಡಿಯುತ್ತವೆ. ಗಾಳಿ ಹೆಚ್ಚಾಗಿ ಒಳಗೆ ಹೋಗುತ್ತಿರುವಾಗಲೇ ಗಾಳಿ ಸಾಲದು ಅನಿಸುವುದು ಇದರ ವಿಚಿತ್ರ. ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ.

ಪ್ರಜ್ಞೆ ತಪ್ಪುವ ಮಾತು ಬೇರೆ. ಪ್ರಜ್ಞೆ ತಪ್ಪಬೇಕಾದರೆ ಸಾಮಾನ್ಯವಾಗಿ ರಕ್ತದೊತ್ತಡ ಇಳಿಯಬೇಕು. ಪ್ಯಾನಿಕ್‌ನಲ್ಲಿ ಅದು ಏರುತ್ತದೆ. ರಕ್ತ, ಸೂಜಿ ಕಂಡರೆ ತಲೆ ತಿರುಗಿ ಬೀಳುವವರ ಭಯ ಇದಕ್ಕೆ ಹೊರತು, ಅವರಿಗೆ ಚಿಕಿತ್ಸೆಯ ವಿಧಾನವೇ ಬೇರೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಮುಂದಿಟ್ಟ ವಿವರಣೆಯ ತಿರುಳು ಇಷ್ಟೇ: ದೇಹದ ಸಾಮಾನ್ಯ ಸಂವೇದನೆಯನ್ನು ಅನಾಹುತದ ಸೂಚನೆ ಎಂದು ಓದಿಕೊಂಡರೆ ಭಯ ಏರುತ್ತದೆ, ಭಯ ಏರಿದರೆ ಸಂವೇದನೆ ಹೆಚ್ಚುತ್ತದೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಈಕೆ ಒಪ್ಪಿದರು. ಒಪ್ಪಿದ್ದರಿಂದ ಲಿಫ್ಟ್ ಹತ್ತಲು ಏನೂ ಅನುಕೂಲವಾಗಲಿಲ್ಲ. ಬಾಯಿಮಾತಿನ ತಿಳಿವಳಿಕೆ ಅಲ್ಲಿಗೇ ನಿಲ್ಲುತ್ತದೆ.

ಮಾತ್ರೆಯ ತೀರ್ಮಾನ

ಮನೋವೈದ್ಯರ ಜೊತೆ ಮಾತಾಡಿ, ಮೊದಲು ಮಾತ್ರೆಯಿಲ್ಲದೆ ಶುರುಮಾಡಿ ಆರನೇ ವಾರದಲ್ಲಿ ಮರುಪರಿಶೀಲಿಸುವುದೆಂದು ಆಯಿತು. ಭಯ ತೀವ್ರವಾಗಿದ್ದರೆ, ಖಿನ್ನತೆ ಜೊತೆಗಿದ್ದರೆ ಎಸಿಟಲೋಪ್ರಾಮ್ ಅಥವಾ ಸೆರ್ಟ್ರಲೀನ್‌ನಂಥ ಎಸ್‌ಎಸ್‌ಆರ್‌ಐ (ಖಿನ್ನತೆಗೂ ಆತಂಕಕ್ಕೂ ಕೊಡುವ ಒಂದು ವರ್ಗ) ಮಾತ್ರೆ ಒಳ್ಳೆಯ ಆಯ್ಕೆ. ಪ್ಯಾನಿಕ್ ಇರುವವರಿಗೆ ಕಡಿಮೆ ಪ್ರಮಾಣದಿಂದ ಶುರುಮಾಡುತ್ತಾರೆ, ಎಸಿಟಲೋಪ್ರಾಮ್ ಆದರೆ ಸಾಮಾನ್ಯವಾಗಿ 5 ಮಿಲಿಗ್ರಾಂ. ಯಾಕೆಂದರೆ ಮೊದಲ ಒಂದೆರಡು ವಾರ ಚಡಪಡಿಕೆ ಹೆಚ್ಚಾಗಬಹುದು. ಅದನ್ನು ಮುಂಚೆಯೇ ಹೇಳದಿದ್ದರೆ ಜನ ಮೂರನೇ ದಿನಕ್ಕೆ ಮಾತ್ರೆ ಬಿಟ್ಟುಬಿಡುತ್ತಾರೆ. ಪೂರ್ತಿ ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಬಿಡುವಾಗಲೂ ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ಕ್ಲೊನಾಜೆಪಾಮ್, ಅಲ್ಪ್ರಜೋಲಾಮ್ ಬೇರೆಯೇ ವರ್ಗ. ಬೇಗ ಕೆಲಸ ಮಾಡುತ್ತವೆ, ಅಭ್ಯಾಸವೂ ಬೇಗ ಹತ್ತುತ್ತದೆ. ರೈಲು ಹತ್ತುವ ಮುಂಚೆ ನುಂಗಿದರೆ ಆ ಪಯಣದ ಪಾಠ ಮಾತ್ರೆಯ ಲೆಕ್ಕಕ್ಕೆ ಹೋಗುತ್ತದೆ. ದಿನಾ ನುಂಗುತ್ತಿರುವವರು ತಾವಾಗಿ ಒಮ್ಮೆಲೆ ನಿಲ್ಲಿಸುವುದು ಅಪಾಯ, ಫಿಟ್ಸ್ ಕೂಡ ಬರಬಹುದು.

ಕುರ್ಚಿಯಲ್ಲೇ ಗಾಬರಿ ಬರಿಸುವುದು

ಒಟ್ಟು 12 ವಾರ, ವಾರಕ್ಕೊಂದು 50 ನಿಮಿಷದ ಭೇಟಿ. ಮೊದಲ ಎರಡು ವಾರ ದಿನಚರಿ ಬರೆಯುವುದು, ಕಾಫಿ ಬೆಳಿಗ್ಗೆ ಒಂದಕ್ಕೆ ಇಳಿಸುವುದು, ತಿಂಡಿ ತಿಂದೇ ಹೊರಡುವುದು. ಮೂರನೇ ವಾರದಿಂದ ಸಂವೇದನೆಗಳನ್ನು ಬೇಕೆಂದೇ ಬರಿಸುವ ಅಭ್ಯಾಸ.

60 ಸೆಕೆಂಡ್ ಜೋರಾಗಿ, ಆಳವಾಗಿ, ಬಾಯಿಂದ ಉಸಿರಾಡುವುದು. ಮೂಗು ಹಿಡಿದು ತೆಳುವಾದ ಸ್ಟ್ರಾದಿಂದ ಎರಡು ನಿಮಿಷ ಉಸಿರಾಡುವುದು. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಸುತ್ತುವುದು. ನಿಂತಲ್ಲೇ ಒಂದು ನಿಮಿಷ ಓಡುವುದು. ಪ್ರತಿಯೊಂದಾದ ಮೇಲೆ ಮೂರು ಅಂಕ ಬರೆಯಬೇಕು: ಸಂವೇದನೆ ಎಷ್ಟು, ಭಯ ಎಷ್ಟು, ನಿಜವಾದ ಅಟ್ಯಾಕ್‌ಗೆ ಎಷ್ಟು ಹೋಲುತ್ತದೆ, ಎಲ್ಲ 0ಯಿಂದ 10ರೊಳಗೆ. ಆಸ್ತಮಾ, ಅಪಸ್ಮಾರ, ಹೃದ್ರೋಗ ಇರುವವರು, ಗರ್ಭಿಣಿಯರು ವೈದ್ಯರ ಒಪ್ಪಿಗೆಯಿಲ್ಲದೆ ಇವನ್ನು ಮಾಡಬಾರದು.

ಜೋರು ಉಸಿರಾಟಕ್ಕೆ ಈಕೆ ಕೊಟ್ಟ ಅಂಕ 8, 9, 9. ಮುಗಿದ ಕೂಡಲೇ ಬೆರಳು ನೋಡಿಕೊಂಡು, ‘ಇದೇ ಜೋಮು. ಇಲ್ಲಿ ಸುರಂಗವೇ ಇಲ್ವಲ್ಲ ಮೇಡಂ’ ಎಂದರು. ಹಾಳೆಯ ಮೇಲಿನ ಚಿತ್ರ ಮಾಡದ ಕೆಲಸವನ್ನು ಒಂದು ನಿಮಿಷದ ಉಸಿರಾಟ ಮಾಡಿತು. ಆದರೆ ಇಲ್ಲೂ ಒಂದು ಕಣ್ತಪ್ಪು ಇತ್ತು: ಅಷ್ಟೂ ಹೊತ್ತು ಎಡಗೈ ಕುರ್ಚಿಯ ಹಿಡಿ ಬಿಟ್ಟಿರಲಿಲ್ಲ. ಎದ್ದು ನಿಂತು, ಯಾವುದನ್ನೂ ಹಿಡಿಯದೆ ಮತ್ತೆ ಮಾಡಿದಾಗ ಭಯದ ಅಂಕ ಪುನಃ 9. ಅದೇ ಭೇಟಿಯಲ್ಲಿ ಮೂರನೇ ಸಲಕ್ಕೆ 5ಕ್ಕೆ ಇಳಿಯಿತು. ಮನೆಯಲ್ಲಿ ದಿನಾ ಒಂದೊಂದು ಅಭ್ಯಾಸವನ್ನು ಸತತ ಮೂರು ಸಲ ಮಾಡಬೇಕು, ನಡುವೆ ನೀರು ಕುಡಿಯಬಾರದು ಎಂದು ಹೇಳಿ ಕಳಿಸಲಾಯಿತು.

ಹೊರಗೆ

ಪ್ರತಿ ಪಯಣಕ್ಕೂ ಅರ್ಧ ಹಾಳೆ. ಹೊರಡುವ ಮುಂಚೆ ಎರಡು ಸಾಲು: ಏನಾಗುತ್ತದೆ ಎಂದು ಎಣಿಸಿದ್ದೀರಿ, ಅದನ್ನು ಎಷ್ಟು ಶೇಕಡಾ ನಂಬಿದ್ದೀರಿ. ಬಂದ ಮೇಲೆ ಎರಡು ಸಾಲು: ನಿಜವಾಗಿ ಏನಾಯಿತು, ಯಾವುದು ನಿರೀಕ್ಷೆ ಮೀರಿತು. ಎಣಿಕೆಯನ್ನು ಕಣ್ಣಿಗೆ ಕಾಣುವಂತೆ ಬರೆಯಬೇಕು. ‘ಕಷ್ಟ ಆಗುತ್ತೆ’ ಎಂದು ಬರೆದರೆ ಪ್ರಯೋಜನವಿಲ್ಲ, ಕಷ್ಟ ಆಗಿಯೇ ಆಗುತ್ತದೆ. ‘ಮೆಜೆಸ್ಟಿಕ್ ಬರುವುದರೊಳಗೆ ಪ್ರಜ್ಞೆ ತಪ್ಪಿ ಬೀಳ್ತೀನಿ, ಶೇ 80’ ಎಂದು ಬರೆದರೆ ಅದನ್ನು ಪರೀಕ್ಷಿಸಬಹುದು.

ಲಿಫ್ಟಿನಿಂದ ಶುರು. ಒಂದು ಮಹಡಿ ಒಬ್ಬರೇ, ಆಮೇಲೆ ಆರೂ ಮಹಡಿ, ಆಮೇಲೆ ಬೆಳಿಗ್ಗೆ ಹತ್ತರ ಹೊತ್ತಿನ ತುಂಬಿದ ಲಿಫ್ಟಿನಲ್ಲಿ ಹಿಂದಿನ ಗೋಡೆಗೆ ಒರಗಿ. ಮೆಟ್ರೊದಲ್ಲಿ ಮೊದಲು ಹೊಸಹಳ್ಳಿವರೆಗೆ ಒಬ್ಬರೇ, ನಂತರ ಸುರಂಗ ದಾಟಿ ಸಿಟಿ ರೈಲು ನಿಲ್ದಾಣ, ನಂತರ ಮೆಜೆಸ್ಟಿಕ್, ಕೊನೆಗೆ ಒಂಬತ್ತೂವರೆಯ ದಟ್ಟಣೆಯಲ್ಲಿ ವಿಧಾನಸೌಧ. ಈ ಕ್ರಮವನ್ನು ಏಣಿಯಂತೆ ಕಟ್ಟುನಿಟ್ಟಾಗಿ ಹತ್ತಿಸಲಿಲ್ಲ. ಸುಲಭ, ಕಠಿಣ, ಮತ್ತೆ ಸುಲಭ ಎಂದು ಬೆರೆಸಿದರೆ ಕಲಿತದ್ದು ಬೇರೆ ಜಾಗಗಳಲ್ಲೂ ಉಳಿಯುವ ಸಾಧ್ಯತೆ ಹೆಚ್ಚು. ವಾರಕ್ಕೆ ನಾಲ್ಕೈದು ದಿನ, ಸುಮಾರು ಮುಕ್ಕಾಲು ಗಂಟೆ. ಮೆಟ್ರೊ ನಿಲ್ದಾಣದೊಳಗೆ ಇರಲು ಸಮಯದ ಮಿತಿ ಇದೆ, ಮೀರಿದರೆ ದಂಡ. ಆದ್ದರಿಂದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಾಲ ಕಳೆಯದೆ ರೈಲಿನಲ್ಲೇ ಅಭ್ಯಾಸ ಮಾಡಿ ಹೊರಬರುವಂತೆ ಯೋಜಿಸಬೇಕು.

ನಿಯಮ ಒಂದೇ: ಎಣಿಸಿದ್ದು ಆಗುತ್ತದೋ ಇಲ್ಲವೋ ಎಂದು ಗೊತ್ತಾಗುವವರೆಗೆ ಇಳಿಯಬಾರದು. ತಡೆಯಲಾರದೆ ಇಳಿದರೆ ಅದೇ ನಿಲ್ದಾಣದಲ್ಲಿ ಮುಂದಿನ ರೈಲು ಹತ್ತಬೇಕು. ಆತಂಕ ಇಳಿಯಲೇಬೇಕು ಎಂಬ ನಿಯಮ ಇಲ್ಲ. ಆತಂಕ 100ಕ್ಕೆ 90ರಲ್ಲೇ ಇದ್ದು ಪ್ರಜ್ಞೆ ತಪ್ಪದಿದ್ದರೂ ಆ ಪಯಣ ಗೆದ್ದಂತೆಯೇ.

ಆರನೇ ವಾರ ಸಿಕ್ಕಿಕೊಂಡದ್ದು

ಸುರಂಗ ದಾಟುವ ಪಯಣ ನಾಲ್ಕು ಸಲ ಆಗಿತ್ತು, ಒಂದು ಸಲವೂ ಇಳಿದಿರಲಿಲ್ಲ. ಆದರೆ ನಂಬಿಕೆಯ ಶೇಕಡಾ 80ರಿಂದ 70ಕ್ಕೆ ಬಂದು ಅಲ್ಲೇ ನಿಂತಿತ್ತು. ಬಾಟಲಿ, ನಿಂಬೆಹಣ್ಣು, ಮಾತ್ರೆ ಮನೆಯಲ್ಲೇ ಇದ್ದವು, ವಾಚ್ ಬಿಚ್ಚಿಟ್ಟಿದ್ದರು. ‘ಸುರಂಗದೊಳಗೆ ಇರುವಾಗ ಮನಸ್ಸಿನಲ್ಲಿ ಏನು ಮಾಡ್ತೀರಿ?’ ಎಂದು ಕೇಳಿದಾಗ ಗಂಟು ಸಿಕ್ಕಿತು. ಮೂರು ಸಂಗತಿಗಳಿದ್ದವು. ನಾಲ್ಕು ಎಣಿಸಿ ಉಸಿರೆಳೆದು ಆರು ಎಣಿಸಿ ಬಿಡುವ ಪ್ರಾಣಾಯಾಮ. ಉಸಿರು ಬಿಟ್ಟಾಗಲೆಲ್ಲ ಹನುಮಾನ್ ಚಾಲೀಸಾದ ಸಾಲು. ವಿಧಾನಸೌಧ ನಿಲ್ದಾಣದ ಹೊರಗೆ ಸ್ಕೂಟರಿನಲ್ಲಿ ಕಾಯುತ್ತಿದ್ದ ಗಂಡ.

ಪ್ರಾಣಾಯಾಮ ಒಳ್ಳೆಯದು, ಪ್ರಾರ್ಥನೆಯೂ ಒಳ್ಳೆಯದು. ಚಿಕಿತ್ಸಕರು ಇಲ್ಲಿ ಅವಸರದ ಮಾತಾಡಿದರೆ ನಂಬಿಕೆಗೇ ಕೈ ಹಾಕಿದಂತಾಗಿ ಜನ ಮತ್ತೆ ಬರುವುದಿಲ್ಲ. ಕೇಳಬೇಕಾದ ಪ್ರಶ್ನೆ: ‘ಚಾಲೀಸಾ ಹೇಳದಿದ್ದರೆ ಏನಾಗುತ್ತಿತ್ತು?’ ಉತ್ತರ ತಕ್ಷಣ ಬಂತು, ‘ಬಿದ್ದುಹೋಗ್ತಿದ್ದೆ.’ ಅಂದರೆ ಅದು ಬಾಟಲಿಯ ಜಾಗಕ್ಕೆ ಬಂದಿತ್ತು. ಪ್ರಾರ್ಥನೆ ಮನೆಯಲ್ಲಿ ದೀಪ ಹಚ್ಚಿದಾಗ, ಸುರಂಗದಲ್ಲಿ ಸುಮ್ಮನೆ ಇರುವುದು ಎಂದು ಈಕೆಯೇ ತೀರ್ಮಾನ ಮಾಡಿದರು. ವಿಭೂತಿಯೂ ಹಾಗೆ: ಹಣೆಗೆ ಹಚ್ಚಿಕೊಂಡು ಹೊರಡುವುದು, ಪೊಟ್ಟಣ ದೇವರ ಮನೆಯಲ್ಲೇ ಬಿಡುವುದು. ಅತ್ತೆಗೂ ಇದು ಒಪ್ಪಿಗೆಯಾಯಿತು.

ಗಂಡನನ್ನು ಒಂದು ಭೇಟಿಗೆ ಕರೆಸಲಾಯಿತು. ‘ರೀ, ಏನೋ ಆಗ್ತಿದೆ’ ಎಂದು ಫೋನ್ ಬಂದರೆ ‘ಏನೂ ಆಗಲ್ಲ, ಬರ್ತೀನಿ ಇರು’ ಎನ್ನುತ್ತಿದ್ದರು. ಪ್ರೀತಿಯ ಮಾತೇ, ಆದರೆ ಪ್ರತಿ ಸಲ ಧೈರ್ಯವನ್ನು ಹೊರಗಿನಿಂದ ಕೊಟ್ಟಂತಾಗುತ್ತದೆ. ಬದಲಿಗೆ ‘ಹಾಳೆಯಲ್ಲಿ ಏನು ಬರೆದಿದ್ದೆ? ಅದು ಆಯ್ತಾ?’ ಎಂದಷ್ಟೇ ಕೇಳುವುದು, ನಿಲ್ದಾಣದ ಹೊರಗೆ ಸ್ಕೂಟರಿನಲ್ಲಿ ಕಾಯುವುದನ್ನು ಬಿಡುವುದು ಎಂದು ಒಪ್ಪಂದವಾಯಿತು. ಆಸರೆಗಳೆಲ್ಲ ಹೋದ ಮೇಲೆ ಮೊದಲ ಪಯಣದಲ್ಲಿ ಆತಂಕ 95 ಮುಟ್ಟಿತು, ಬೀಳ್ತೀನಿ ಎಂಬ ನಂಬಿಕೆ 70ರಿಂದ 25ಕ್ಕೆ ಬಿತ್ತು. ಆರನೇ ವಾರದ ಪಿಡಿಎಸ್‌ಎಸ್ 10, ಹಾಗಾಗಿ ಮಾತ್ರೆ ಬೇಕಾಗಲಿಲ್ಲ.

ಎಂಟನೇ ವಾರ ಮೆಜೆಸ್ಟಿಕ್‌ನಲ್ಲಿ ಪೂರ್ತಿ ಅಟ್ಯಾಕ್ ಬಂತು, ಇಳಿದರು, ಅತ್ತರು. ‘ಎಲ್ಲ ಮೊದಲಿನಂತಾಯ್ತು’ ಎಂದು ಬರೆದರು. ಆದರೆ ನಿಯಮದಂತೆ ಅಲ್ಲಿಂದಲೇ ಮುಂದಿನ ರೈಲು ಹತ್ತಿದ್ದರು. ಮುಂದಿನ ವಾರಗಳಲ್ಲಿ ಅಟ್ಯಾಕ್‌ಗೆ ಕಾಯದೆ ತಾವೇ ಬರಿಸಿದರು: ಪ್ಲಾಟ್‌ಫಾರ್ಮಿನ ಮೂಲೆಯಲ್ಲಿ ನಿಂತು 30 ಸೆಕೆಂಡ್ ಜೋರು ಉಸಿರಾಟ, ಆ ತಲೆಸುತ್ತಿನಲ್ಲೇ ಬೋಗಿಯ ನಡುವೆ ಹೋಗಿ ನಿಲ್ಲುವುದು.

ನಿಜವಾದ ಅಪಾಯದ ಮಾತು

ಗುಂಪಿನ ಅಭ್ಯಾಸಕ್ಕೆ ಬಂದಾಗ ಈಕೆ ಚಿನ್ನಸ್ವಾಮಿ ಕ್ರೀಡಾಂಗಣದ ಮಾತೆತ್ತಿದರು. 2025ರ ಜೂನ್ 4ರಂದು ಅಲ್ಲಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಇದನ್ನು ಬರೀ ಆತಂಕ ಎಂದು ತಳ್ಳಿಹಾಕುವುದು ತಪ್ಪು. ಮೈಗೆ ಮೈ ಒತ್ತಿ, ಕೈ ಎತ್ತಲೂ ಆಗದೆ, ಗುಂಪು ತೂಗಿದ ಕಡೆ ತಾವೂ ತೂಗುವಂತಾದರೆ, ಅಂದರೆ ಚದರ ಮೀಟರಿಗೆ ಐದಾರು ಜನ ಮೀರಿದರೆ, ಹೊರಗೆ ಸರಿಯುವುದೇ ವಿವೇಕ. ಅಂಥ ಜಾಗಕ್ಕೆ ಯಾರನ್ನೂ ಅಭ್ಯಾಸಕ್ಕೆ ಕಳಿಸಬಾರದು. ತುಂಬಿದ ಮೆಟ್ರೊ, ಗಾಂಧಿ ಬಜಾರಿನ ಹಬ್ಬದ ಸಂತೆ, ಊಟದ ಪಂಕ್ತಿಗೆ ಕಾಯುವ ಗುಂಪು ಇವುಗಳಲ್ಲಿ ಇಕ್ಕಟ್ಟು ಇದೆ, ಆ ಒತ್ತಡ ಇಲ್ಲ. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಚರ್ಚಿಸಿದ ಮೇಲೆಯೇ ಈಕೆ ಬಜಾರಿಗೆ ಹೋಗಲು ಒಪ್ಪಿದ್ದು.

12ನೇ ವಾರ ಮತ್ತು ನಂತರ

ಪಿಡಿಎಸ್‌ಎಸ್ 5. ಕಚೇರಿಗೆ ಮೆಟ್ರೊ, ಆರನೇ ಮಹಡಿಗೆ ಲಿಫ್ಟ್. ನಾದಿನಿಯ ಮಗನ ಮದುವೆಯಲ್ಲಿ ಮುಹೂರ್ತದ ಹೊತ್ತಿಗೆ ಮೂರನೇ ಸಾಲಿನ ನಡುವಿನ ಕುರ್ಚಿ. ಸಿನಿಮಾ ಮಂದಿರದ ನಡುಸಾಲು, ವೈಕುಂಠ ಏಕಾದಶಿಯ ಸಾಲು ಉಳಿದಿದ್ದವು, ಅವಕ್ಕೂ ಹಾಳೆ ಬರೆದಿಟ್ಟುಕೊಂಡು ಹೋದರು. ಮೂರು ತಿಂಗಳ ಮರುಭೇಟಿಯಲ್ಲಿ ಮತ್ತೆ ಮೆಟ್ಟಿಲು ಹತ್ತುತ್ತಿದ್ದುದು ತಿಳಿಯಿತು. ವ್ಯಾಯಾಮಕ್ಕೆ ಎಂದರು. ವಾರದಲ್ಲಿ ಎರಡು ದಿನ ವ್ಯಾಯಾಮ, ಮೂರು ದಿನ ಲಿಫ್ಟ್ ಎಂದು ಅಲ್ಲೇ ಗೊತ್ತುಮಾಡಲಾಯಿತು. ಭಯ ಮರಳುವಾಗ ಹೀಗೆ ಒಳ್ಳೆಯ ಕಾರಣ ಹೇಳಿಕೊಂಡೇ ಮರಳುತ್ತದೆ: ಮೆಟ್ಟಿಲು, ‘ಬಾಯಾರಿಕೆಗೆ’ ಬಾಟಲಿ, ‘ಸುಮ್ಮನೆ’ ಫೋನ್.

ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ಈ ತೊಂದರೆಗೆ ಚಿಕಿತ್ಸೆ ಸಿಗುತ್ತದೆ. ಮನೆಯಿಂದ ಹೊರಡುವುದೇ ಕಷ್ಟವಾದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಬಹುದು. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಯಾವ ಚಿಕಿತ್ಸಕರ ಬಳಿ ಹೋದರೂ ಮೊದಲೇ ಕೇಳಿ: ‘ಭಯದ ಜಾಗಕ್ಕೆ ಹೋಗಿ ಮಾಡುವ ಎಕ್ಸ್‌ಪೋಷರ್ ಅಭ್ಯಾಸ ಮಾಡಿಸ್ತೀರಾ?’ ಮಾತು, ವಿಶ್ರಾಂತಿ, ಉಸಿರಾಟ ಇಷ್ಟೇ ಎಂದು ಹೇಳಿದರೆ ಅದನ್ನು ಮಾಡಿಸುವವರನ್ನು ಹುಡುಕಿ.